ತೊಟ್ಟು ಮೇಸ್ತ್ರಿ ಕೇಳಿದ ಪ್ರಶ್ನೆ

ಒಂದು ತೊಟ್ಟು ನೀರು ಸೋರಿದರೂ ಬರುವ ಮನುಷ್ಯ ಎಂದು ನಮ್ಮ ಕಟ್ಟಡದವರು ಅವರಿಗೆ ತೊಟ್ಟು ಮೇಸ್ತ್ರಿ ಎನ್ನುತ್ತಿದ್ದರು. ದೊಡ್ಡ ಕೆಲಸ ಸಿಕ್ಕಿತೆಂದು ಸಣ್ಣ ಕೆಲಸಕ್ಕೆ ಕೈಕೊಟ್ಟವರಲ್ಲ. ಹದಿನಾಲ್ಕನೇ ವಯಸ್ಸಿಗೆ ಸೋದರಮಾವನ ಹಿಂದೆ ಸ್ಪ್ಯಾನರ್ ಚೀಲ ಹೊತ್ತು ಹೊರಟವರು, ನಲವತ್ತು ವರ್ಷ ಬೇರೆಯವರ ಬಚ್ಚಲಲ್ಲಿ ಮೊಣಕಾಲೂರಿ ಕಳೆದರು. ಕಟ್ಟಿಕೊಂಡ ಪೈಪುಗಳಿಗೆ ಆಸಿಡ್ ಸುರಿದು ಸುರಿದು ಅವರ ಮೂಗು ಸತ್ತುಹೋಗಿತ್ತು. ಅದು ಗೊತ್ತಾದದ್ದು ಒಲೆಯ ಮೇಲೆ ಹಾಲು ಸೀದು ಪಾತ್ರೆ ಕರಿಯಾದರೂ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದ ದಿನ. ಮೂಗು ಮುಖದ ಮೇಲೇ ಇದೆಯೋ ಎಲ್ಲಾದರೂ ಅಡ ಇಟ್ಟು ಬಂದಿರೋ ಎಂದು ಹೆಂಡತಿ ಕೇಳಿದ್ದರಂತೆ. ಇದನ್ನು ಅವರೇ ಹೇಳಿಕೊಂಡು ನಗುತ್ತಿದ್ದರು. ತನ್ನ ಮೂಗು ಇರುವುದು ಕನ್ನಡಕ ನಿಲ್ಲಿಸುವುದಕ್ಕೆ ಮಾತ್ರ ಎನ್ನುತ್ತಿದ್ದರು.

ಅಂದಿನಿಂದ ಅವರದೊಂದು ಪದ್ಧತಿ. ಯಾರ ಮನೆಯೇ ಇರಲಿ, ಬಚ್ಚಲಿಗೆ ಕಾಲಿಡುವ ಮೊದಲು ಅಲ್ಲಿ ಏನಾದರೂ ಸುರಿದಿದ್ದೀರಾ ಎಂದು ಕೇಳುವುದು. ಉತ್ತರ ಬರುವ ತನಕ ಚೀಲ ಕೆಳಗಿಡುತ್ತಿರಲಿಲ್ಲ.

ನಮ್ಮ ಬಾಡಿಗೆ ಮನೆಯಲ್ಲಿ ಹಿಂದಿನವರು ಬಿಟ್ಟುಹೋದ ಹಳೆಯ ಬಾತ್‌ಟಬ್ ಇದೆ. ಅದರ ನಲ್ಲಿ ಮೂರು ತಿಂಗಳಿಂದ ತೊಟ್ಟಿಕ್ಕುತ್ತಿತ್ತು. ನಲ್ಲಿಯ ಕೆಳಗಿನಿಂದ ನೀರು ಹೋಗುವ ತೂತಿನವರೆಗೆ ತುಕ್ಕಿನ ಕಂದು ಗೆರೆ ಇಳಿದಿತ್ತು. ಏಳು ತಿಂಗಳ ಮಗುವನ್ನು ಅದರಲ್ಲೇ ಸ್ನಾನ ಮಾಡಿಸಬೇಕು. ಗೆರೆ ದಿನಕ್ಕೊಂದು ಕೂದಲೆಳೆಯಷ್ಟು ಅಗಲವಾಗುತ್ತಿದೆ ಎಂದು ನನಗೆ ಅನ್ನಿಸುತ್ತಿತ್ತು. ಮಗುವಿನ ಬೆನ್ನ ಮೇಲೆ ಒಂದು ಗುಳ್ಳೆ ಎದ್ದರೂ ಆ ಗೆರೆಯದೇ ಕೆಲಸ ಅನ್ನಿಸುತ್ತಿತ್ತು. ತುಕ್ಕು ಟಬ್ಬಿಗಿಂತ ನಿನ್ನ ತಲೆಗೇ ಜಾಸ್ತಿ ಹಿಡಿದಿದೆ ಎಂದು ಗಂಡ ರೇಗಿಸಿದ. ಮೇಸ್ತ್ರಿ ಬರುತ್ತಾರೆ, ಅಲ್ಲಿಯ ತನಕ ಸುಮ್ಮನಿರು, ಬ್ಲೀಚಿಂಗ್ ಪೌಡರನ್ನು ಮಾತ್ರ ಕೂಸಿನ ಹತ್ತಿರ ತರಬೇಡ ಎಂದು ಅತ್ತೆ ಎರಡೆರಡು ಸಲ ಹೇಳಿದ್ದರು.

ನಾನು ಸುಮ್ಮನಿರಲಿಲ್ಲ. ಮೇಸ್ತ್ರಿ ಬರಬೇಕಿದ್ದ ದಿನ ಬೆಳಗ್ಗೆ, ಅತ್ತೆ ಏಳುವ ಮೊದಲು, ಬ್ಲೀಚಿಂಗ್ ಪೌಡರನ್ನು ಕಲಸಿ ಆ ಗೆರೆಗೆ ದಪ್ಪಗೆ ಮೆತ್ತಿದೆ. ಕಲೆ ಹೋಗಲಿಲ್ಲ, ಇನ್ನಷ್ಟು ಕಪ್ಪಾಯಿತು. ಅಷ್ಟರಲ್ಲಿ ಮಗು ಎದ್ದು ಅತ್ತಿತು. ಮೆತ್ತಿದ್ದನ್ನೆಲ್ಲ ಅವಸರದಲ್ಲಿ ತೂತಿನ ಕಡೆಗೆ ದೂಡಿ, ಒಂದು ಚೊಂಬು ನೀರು ಚೆಲ್ಲಿ ಓಡಿದೆ.

ಹತ್ತು ಗಂಟೆಗೆ ಮೇಸ್ತ್ರಿ ಬಂದು ಬಚ್ಚಲ ಬಾಗಿಲಲ್ಲಿ ನಿಂತರು.

"ಏನಾದ್ರೂ ಸುರಿದಿದ್ದೀರೇನಮ್ಮ?"

ಅತ್ತೆ ನನ್ನ ಹಿಂದೆಯೇ ನಿಂತಿದ್ದರು.

"ಇಲ್ಲ ಮೇಸ್ತ್ರಿ. ಬರೀ ಸೋಪು."

"ಸರಿಯಾಗಿ ಹೇಳಿ. ನನಗೆ ಮನೆಯವರ ಮಾತೇ ಮೂಗು."

"ಬರೀ ಸೋಪು," ಎಂದು ಇನ್ನೊಮ್ಮೆ ಹೇಳಿದೆ.

ಅವರು ಚೀಲ ಕೆಳಗಿಟ್ಟರು. ಮೇಲಿನ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿದರು, ನಲ್ಲಿ ಬಿಚ್ಚಿ ಸವೆದ ವಾಷರನ್ನು ತೆಗೆದು ನನ್ನ ಅಂಗೈಗೆ ಹಾಕಿದರು. ಹಲ್ಲಿಲ್ಲದ ಬಾಯಿ ಇದ್ದ ಹಾಗಿದೆ, ನೀರು ನಿಲ್ಲುವುದಾದರೂ ಹೇಗೆ ಎಂದರು. ಹೊಸದನ್ನು ಹಾಕಿ ಬಿಗಿದ ಮೇಲೆ ತೊಟ್ಟಿಕ್ಕುವುದು ನಿಂತಿತು. ಅಲ್ಲಿಗೇ ಮುಗಿಸಿ ಹೊರಟಿದ್ದರೆ ಆಗುತ್ತಿತ್ತು. ಆದರೆ ಕಲೆಯನ್ನು ಹಾಗೇ ಬಿಟ್ಟು ಹೊರಟರೆ ಮೇಸ್ತ್ರಿ ಬಂದದ್ದಕ್ಕೆ ಸಾಕ್ಷಿ ಏನು ಎನ್ನುತ್ತ, ಚೀಲದಿಂದ ಕಲೆ ತೆಗೆಯುವ ಆಸಿಡ್ ಬಾಟಲಿ ತೆಗೆದರು. ಮಗು ಆಗ ತಾನೇ ಮಲಗಿತ್ತು. ಸದ್ದಾಗದಿರಲಿ, ಬಾಗಿಲು ಮುಚ್ಚಿಕೊಳ್ಳಿ ಎಂದು ಹೇಳಿದವಳೂ ನಾನೇ. ಮಗುವಿಗೆ ಶೀತವಾದೀತೆಂದು ಬಚ್ಚಲ ಕಿಟಕಿಯನ್ನು ವಾರದಿಂದ ತೆಗೆದಿರಲಿಲ್ಲ. ಬ್ಲೀಚಿಂಗ್ ಪೌಡರಿನ ಪ್ಯಾಕೆಟ್ಟಿನ ಹಿಂದೆ ಆಸಿಡ್ ತಾಗಿಸಬಾರದೆಂದು ಬರೆದಿದ್ದನ್ನು ನಾನು ಓದಿದ್ದೆ. ಅಷ್ಟು ನೀರಿಗೆ ಎಲ್ಲ ಹೋಗಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಮೊದಲು ಒಂದು ಕೆಮ್ಮು ಕೇಳಿಸಿತು. ಆಮೇಲೆ ನಿಲ್ಲದ ಕೆಮ್ಮು. ಬಾಗಿಲ ಸಂದಿಯಿಂದ ಬಂದ ವಾಸನೆಗೆ ಹಜಾರದಲ್ಲಿದ್ದ ನನ್ನ ಕಣ್ಣೇ ಉರಿಯಿತು. ಅವರ ಮುಖ ಟಬ್ಬಿನೊಳಗೇ ಬಾಗಿತ್ತು, ಅವರಿಗೆ ವಾಸನೆ ಗೊತ್ತಾಗಿರಲಿಲ್ಲ. ಅತ್ತೆ ಬಾಗಿಲು ದೂಡಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಅವರನ್ನು ರಟ್ಟೆ ಹಿಡಿದು ಎಳೆದರು. ನಾನು ಮಗುವನ್ನು ಎತ್ತಿಕೊಂಡು ಮೆಟ್ಟಿಲಿಳಿದಿದ್ದೆ.

ಹನ್ನೊಂದು ದಿನ ಆಸ್ಪತ್ರೆ. ಜೀವ ಉಳಿಯಿತು, ಉಸಿರು ಮೊದಲಿನಂತೆ ಉಳಿಯಲಿಲ್ಲ. ಕಟ್ಟಡದ ಮೆಟ್ಟಿಲುಗಳಲ್ಲಿ ಆ ವಾರವೆಲ್ಲ ಒಂದೇ ಮಾತು: ವಯಸ್ಸಾಯಿತು, ಯಾವುದಕ್ಕೆ ಯಾವುದು ಬೆರೆಸಬಾರದೆಂಬುದೂ ಮರೆತಿದೆ, ಪಾಪ. ಅತ್ತೆಯೂ ಹಾಗೇ ನಂಬಿದರು. ಕೆಟ್ಟದ್ದೆಂದರೆ, ಮೇಸ್ತ್ರಿಯೂ ಹಾಗೇ ನಂಬಿದ್ದರು. ಮರೆವಿನಲ್ಲಿ ಬೆರೆಸಬಾರದ ಎರಡು ಬಾಟಲಿ ಸುರಿದಿರಬೇಕು, ಇನ್ನು ಈ ತಲೆಯನ್ನು ನಂಬಿ ಯಾರ ಮನೆಗೂ ಹೋಗುವುದಿಲ್ಲ ಎಂದು ಚೀಲವನ್ನು ಯಾರಿಗೋ ಕೊಟ್ಟುಬಿಟ್ಟರಂತೆ. ಇದನ್ನು ನನಗೆ ಹೇಳಿದ್ದು ಕೆಳಗಿನ ಮನೆಯಾಕೆ.

ಐದು ವಾರ ತಡೆದೆ. ಆಮೇಲೆ ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ, ಮೊದಲು ಅವರಿಗೇ ಹೇಳಿದೆ. ಅವರು ಬೈಯಲಿಲ್ಲ. ನನ್ನ ಮುಖವನ್ನೂ ನೋಡದೆ, ಹೋಗಿ ಅವರಿಗೆ ಹೇಳಿ ಬಾ ಎಂದರು.

ಮೇಸ್ತ್ರಿಯ ಮನೆ ಹಿಂದಿನ ಬೀದಿಯ ಇನ್ನೊಂದು ಕಟ್ಟಡದ ನೆಲಮಹಡಿಯಲ್ಲಿ, ಒಂದೇ ಕೋಣೆ. ಗೋಡೆಗೆ ಮೂರು ದಿಂಬು ಒರಗಿಸಿಕೊಂಡು ಕೂತಿದ್ದರು. ನಾನು ಹೇಳಿ ಮುಗಿಸುವ ತನಕ ಅವರು ತಡೆಯಲಿಲ್ಲ. ಹೆಂಡತಿ ಒಲೆ ಆರಿಸಿ ಬಂದು ನಿಂತರು.

"ಬರೀ ಸೋಪು ಅಂದ್ರಿ," ಎಂದರು ಮೇಸ್ತ್ರಿ ನಿಧಾನವಾಗಿ, ಉಸಿರು ಸಾಲದೆ. "ನಿಜ ಹೇಳಿದ್ರೆ ಇನ್ನೆರಡು ಬಕೆಟ್ ನೀರು ಸುರಿದು ಕಿಟಕಿ ತೆಗೀತಿದ್ದೆ. ಅಷ್ಟೇ ಆಗ್ತಿದ್ದಿದ್ದು."

ಹೆಂಡತಿಯ ಕಡೆ ತಿರುಗಿದರು. "ಕೇಳಿಸ್ಕೊಂಡ್ಯಾ? ನಾನು ಮರೆತಿರಲಿಲ್ಲ."

ಆಕೆ ನನ್ನನ್ನು ಕೂರಿ ಎನ್ನಲೂ ಇಲ್ಲ, ಹೋಗಿ ಎನ್ನಲೂ ಇಲ್ಲ. ನಿಮ್ಮ ಕಟ್ಟಡದಲ್ಲಿ ಎಷ್ಟು ಮನೆ ಎಂದು ಕೇಳಿದರು. ನಮ್ಮದು ಬಿಟ್ಟು ಹದಿನಾರು ಎಂದೆ. ಹದಿನಾರಕ್ಕೂ ಹೋಗಿ ಇದೇ ಮಾತು ಹೇಳು ಎಂದರು.

ಹೇಳಿದೆ, ಎರಡು ದಿನ ಹಿಡಿಯಿತು. ಕೆಲವರು ನನ್ನ ಸೊಂಟದ ಮೇಲಿದ್ದ ಮಗುವನ್ನು ನೋಡಿ ನನಗೇ ಸಮಾಧಾನ ಹೇಳಿದರು. ಕೊನೆಯ ಮನೆಯವರ ಅಡುಗೆಮನೆಯಲ್ಲಿ ಬೇರೊಬ್ಬ ಮೇಸ್ತ್ರಿ ಸಿಂಕಿನ ಕೆಳಗೆ ಮಲಗಿ ಪೈಪು ಬಿಚ್ಚುತ್ತಿದ್ದ. ಮನೆಯವರು ನನ್ನ ಮಾತನ್ನು ಅರ್ಧ ಕೇಳಿ, ಹೌದಾ, ಛೆ ಎಂದು ಅವನಿಗೆ ಟಾರ್ಚ್ ಹಿಡಿಯಲು ಹೋದರು.