ಅಜ್ಜಿಯ ಮುಖಕ್ಕೆ ಗೀರು

ಬರೋಡಾದ ಕಲಾ ಕಾಲೇಜಿಗೆ ಸೇರಿದ ಮೊದಲ ವಾರವೇ ನಮ್ಮ ಮೇಷ್ಟ್ರು ಒಂದು ಚೆಂದದ ಮರದ ಹಲಗೆಯನ್ನು ಮೇಜಿನ ಮೇಲಿಟ್ಟು, ಉಳಿ ತೆಗೆದುಕೊಂಡು ಈ ಮೂಲೆಯಿಂದ ಆ ಮೂಲೆಗೆ ಬರ್ರನೆ ಗೀರಿಬಿಟ್ಟರು. ಹಲಗೆಯ ಮೇಲೆ ಕೆರೆಗೆ ಇಳಿಯುವ ಎಮ್ಮೆಗಳಿದ್ದವು. ಅವನ್ನು ಕೆತ್ತಿದ ಸೀನಿಯರ್ ಹುಡುಗ ಪಕ್ಕದಲ್ಲೇ ನಿಂತಿದ್ದ. ಅಳಬೇಕಾದವನು ನಗುತ್ತಿದ್ದ, ಸುತ್ತಲಿದ್ದವರು ಚಪ್ಪಾಳೆ ತಟ್ಟುತ್ತಿದ್ದರು. ಇದೆಂಥಾ ಹುಚ್ಚರ ಸಂತೆಗೆ ಬಂದುಬಿಟ್ಟೆ ಮಾರಾಯ ಅಂದುಕೊಂಡು ನನ್ನ ಉಳಿಗಳ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡೆ.

ಅಚ್ಚುಚಿತ್ರದ ಶಿಸ್ತೇ ಹಾಗಂತೆ. ಹಲಗೆ ಕೆತ್ತಿ, ಶಾಯಿ ಸವರಿ, ಕಾಗದ ಒತ್ತಿ, ಮೊದಲೇ ಹೇಳಿದಷ್ಟು ಪ್ರತಿ ತೆಗೆಯಬೇಕು. ಪ್ರತಿಯೊಂದರ ಕೆಳಗೂ ಪೆನ್ಸಿಲ್ಲಿನಲ್ಲಿ ನಂಬರು ಹಾಕಿ ಹೆಸರು ಬರೆಯಬೇಕು. ಮುಗಿದ ಮೇಲೆ ಹಲಗೆಗೆ ಗೀರು ಹಾಕಬೇಕು. ಹತ್ತು ಅಂದಮೇಲೆ ಹತ್ತೇ, ಹನ್ನೊಂದನೆಯದನ್ನು ಯಾರೂ ತೆಗೆಯಬಾರದು. ಚಿತ್ರ ಪಡೆದವರಿಗೆ ಕೊಡುವ ಮಾತು ಅದು.

ಕೊಪ್ಪದಲ್ಲಿ ನಮ್ಮಪ್ಪನದು ಹಿಟ್ಟಿನ ಗಿರಣಿ. ನಾನು ಹೊರಟಾಗ ಅಕ್ಕಿ ಬೀಸಿಸಲು ಬಂದವರೆಲ್ಲ, "ಡ್ರಾಯಿಂಗ್ ಕಲಿಯಕ್ಕೆ ಗುಜರಾತಿಗಾ?" ಅಂತ ಅಪ್ಪನನ್ನು ಕೇಳಿದ್ದರು. ಆಮೇಲೆ ರಜೆಗೆ ಬಂದಾಗಲೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಊರವರು ನೀವೂ ಕೇಳಿದ್ದೀರಿ. ನಿಂತ ನಿಲುವಿನಲ್ಲಿ ಹೇಳಲಾಗದ್ದನ್ನು ಈಗ ಕೂತು ಬರೆಯುತ್ತಿದ್ದೇನೆ.

ಅಲ್ಲಿ ರೂಮು ಹುಡುಕುವಾಗ ಹೆಸರು ಕೇಳುವುದಕ್ಕೂ ಮೊದಲು ನಾನ್‌ವೆಜ್ ತಿನ್ನುತ್ತೀಯಾ ಅಂತ ಕೇಳುತ್ತಾರೆ. ತುಂಗಾ ಹೊಳೆಯ ಮೀನು ತಿಂದು ಬೆಳೆದ ನಾನು ಜಶುಬೆನ್ ಎಂಬ ಮನೆಯೊಡತಿಯ ಎದುರು ಮುಖ ಸಣ್ಣ ಮಾಡಿಕೊಂಡು, ಇಲ್ಲ, ಬಿಟ್ಟಿದ್ದೇನೆ ಅಂದೆ. ಬೆನ್ ಅಂದರೆ ಅಕ್ಕ. ಅಲ್ಲಿ ಎಲ್ಲ ಹೆಂಗಸರೂ ಬೆನ್. ಬೇಳೆಗೆ ಬೆಲ್ಲ ಹಾಕುತ್ತಾರೆ, ಪಲ್ಯಕ್ಕೂ ಹಾಕುತ್ತಾರೆ. ಮೊದಲ ತಿಂಗಳು ಅಮ್ಮ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಇಲ್ಲದಿದ್ದರೆ ಓದು ಬಿಟ್ಟು ವಾಪಸ್ ಬರುತ್ತಿದ್ದೆನೇನೋ. ಮನೆಯ ಮುಂದಿನ ಕಟ್ಟೆಗೆ ಓಟ್ಲೋ ಅನ್ನುತ್ತಾರೆ. ಸಂಜೆ ಎಲ್ಲರೂ ಅದರ ಮೇಲೆ ಕೂತು ಹೋಗಿಬರುವವರನ್ನು ಮಾತಾಡಿಸುತ್ತಾರೆ. ನಮ್ಮಲ್ಲಿ ಜಗಲಿಯಲ್ಲಿ ಕೂತವರು ಪರಿಚಯದವರನ್ನು ಮಾತ್ರ ಕರೆಯುತ್ತಾರೆ, ಉಳಿದವರನ್ನು ಕಣ್ಣಲ್ಲೇ ಅಳೆಯುತ್ತಾರೆ. ಕೊತ್ತಂಬರಿ ಮಾರುವವಳ ಹತ್ತಿರ ನಾನು ಗುಜರಾತಿಯಲ್ಲಿ ಚೌಕಾಸಿ ಮಾಡಿ ಗೆದ್ದ ದಿನ ಜಶುಬೆನ್ ನನ್ನನ್ನು ಓಟ್ಲೋ ಮೇಲೆ ಪಕ್ಕಕ್ಕೆ ಕೂರಿಸಿಕೊಂಡರು. ಅವತ್ತು ನನಗಾದ ಜಂಬ ಅಷ್ಟಿಷ್ಟಲ್ಲ.

ಕಲಾ ಇತಿಹಾಸದ ತರಗತಿಯಲ್ಲಿ ಒಂದು ದಿನ ಪರದೆಯ ಮೇಲೆ ಶೃಂಗೇರಿಯ ವಿದ್ಯಾಶಂಕರ ದೇವಸ್ಥಾನದ ಹನ್ನೆರಡು ರಾಶಿಗಳ ಕಂಬಗಳು ಬಂದವು. "ನಮ್ಮೂರ ಹತ್ತಿರ!" ಅಂತ ಕೂಗಿಬಿಟ್ಟೆ. ಹಾಗಾದರೆ ನೀನೇ ಹೇಳು ಅಂದರು ಮೇಡಂ. ನನಗೆ ಗೊತ್ತಿದ್ದದ್ದು ಹೊಳೆಯ ಮೀನುಗಳಿಗೆ ಮಂಡಕ್ಕಿ ಹಾಕುವುದು ಮತ್ತು ಊಟದ ಸಾಲು ಯಾವಾಗ ಕಡಿಮೆ ಇರುತ್ತದೆ ಅನ್ನುವುದು. ಕಂಬಗಳಿಗೆ ಬೆನ್ನು ಕೊಟ್ಟು ಕೂತಿದ್ದೆನೇ ಹೊರತು ನೋಡಿರಲಿಲ್ಲ. ತರಗತಿ ನಕ್ಕಿತು, ನಾನೂ ನಕ್ಕೆ. ಊರನ್ನು ನೋಡಲು ಕಲಿತದ್ದು ಊರು ಬಿಟ್ಟ ಮೇಲೆಯೇ.

ನನ್ನ ರೂಮಿನಲ್ಲಿದ್ದವಳು ಪುಣೆಯ ಮೃಣಾಲ್. ಫೋಟೋಗ್ರಫಿಯ ಕತ್ತಲೆಕೋಣೆಯಲ್ಲಿ ಕಾಗದದ ಮೇಲೆ ಚಿತ್ರ ಮೂಡುವುದನ್ನು ಮೊದಲ ಸಲ ಕಂಡು ನಾನು ಬಾಯಿ ಬಿಟ್ಟು ನಿಂತಾಗ ನಗದೇ ಇದ್ದವಳು ಅವಳೊಬ್ಬಳೇ. ಜ್ವರ ಬಂದಾಗ ಗಂಜಿ ಮಾಡಿಕೊಟ್ಟಳು. ಜಶುಬೆನ್‌ಗೆ ಗೊತ್ತಾಗದಂತೆ ಸ್ಟೇಷನ್ ಹತ್ತಿರದ ಹೋಟೆಲಿಗೆ ಕರೆದುಕೊಂಡು ಹೋಗಿ ಮೀನು ತಿನ್ನಿಸಿದಳು. ಪರದೇಶಿಯಾಗಿ ಬಿದ್ದುಕೊಂಡವಳಿಗೆ ಇನ್ನೇನು ಬೇಕು? ಎರಡನೇ ವರ್ಷದ ದಸರಾ ರಜೆಗೆ ಅವಳನ್ನು ಊರಿಗೆ ಕರೆದುಕೊಂಡು ಬಂದೆ.

ಹರಿಹರಪುರದ ದಾರಿಯಲ್ಲಿ ನನ್ನ ದೊಡ್ಡಪ್ಪನ ಮಗ ಸತೀಶಣ್ಣ ಹೋಂಸ್ಟೇ ನಡೆಸುತ್ತಾನೆ. ನಮ್ಮಿಬ್ಬರಿಗೂ ಅಜ್ಜಿಯಾದ ಗಿರಿಜಮ್ಮ ಇರುವುದೂ ಅಲ್ಲೇ. ಮೃಣಾಲ್ ಅಜ್ಜಿಯ ಹತ್ತಿರ ಎಲೆಅಡಿಕೆ ಹಾಕಿಸಿಕೊಂಡಳು, ಸತೀಶಣ್ಣನ ಫೋನ್ ನಂಬರ್ ತೆಗೆದುಕೊಂಡಳು. ಅಜ್ಜಿ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದ ಭಂಗಿಯನ್ನು ನಾನು ಕಣ್ಣಲ್ಲೇ ಹೊತ್ತುಕೊಂಡು ಹೋದೆ. ಬರೋಡಾದ ಚಳಿಗಾಲವಿಡೀ ಅದನ್ನು ಕೆತ್ತಿದೆ. ಕೆನ್ನೆಯ ಸುಕ್ಕುಗಳಿಗೇ ಒಂದು ಸಣ್ಣ ಉಳಿ ಮೊಂಡಾಯಿತು. ಹತ್ತು ಪ್ರತಿ ತೆಗೆದು ಹೆಸರು ಬರೆದೆ. ಇದು ಚಿತ್ರ ಅಂತ ಮೇಷ್ಟ್ರು ಅಂದದ್ದು ನನಗೆ ಅದೇ ಮೊದಲು.

ಇನ್ನು ಹಲಗೆಗೆ ಗೀರು ಹಾಕಬೇಕು. ಉಳಿ ಹಿಡಿದು ಕೂತೆ, ಕೈ ಏಳಲೇ ಇಲ್ಲ. ನಮ್ಮ ಕಡೆ ಬದುಕಿದ್ದವರ ಫೋಟೋಕ್ಕೆ ಯಾರಾದರೂ ತಮಾಷೆಗೆ ಹಾರ ಹಾಕಿದರೂ ಅಮ್ಮ ಬೈದು ಕಿತ್ತೆಸೆಯುತ್ತಾಳೆ. ಅಂಥಾದ್ದರಲ್ಲಿ ಬದುಕಿರುವ ಅಜ್ಜಿಯ ಮುಖದ ಮೇಲೆ ನಾನೇ ಉಳಿ ಎಳೆಯುವುದೇ? ನಾಳೆ ಅಜ್ಜಿಗೆ ಏನಾದರೂ ಆದರೆ? ಮೇಷ್ಟ್ರಿಗೆ ಇದನ್ನು ಹೇಳಿದರೆ ನಗುತ್ತಾರೆ. ಮೃಣಾಲ್‌ಗೆ ಹೇಳಿದೆ. ಅವಳು ನಗಲಿಲ್ಲ. "ಬಿಡು, ನಾನು ಗೀರುತ್ತೇನೆ, ನೀನು ನೋಡಬೇಡ" ಅಂದಳು. ಮಾರನೇ ದಿನ ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಬಿಚ್ಚಿ ನೋಡಿದೆ, ಎರಡು ಆಳವಾದ ಗೀರುಗಳಿದ್ದವು. ನಾನು ಅವಳನ್ನು ತಬ್ಬಿಕೊಂಡು ಥ್ಯಾಂಕ್ಸ್ ಹೇಳಿದೆ. ಈಗ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಬೇಸಿಗೆ ರಜೆಯಲ್ಲಿ ಒಂದು ಪ್ರತಿಯನ್ನು ತಂದು ಸತೀಶಣ್ಣನ ಕೈಗೆ ಕೊಟ್ಟೆ. "ಹೋಂಸ್ಟೇ ಹಾಲಿನ ಗೋಡೆಗೆ ಹಾಕ್ತೀನಿ ಮಾರಾಯ್ತಿ, ಫ್ರೇಮ್ ಮಾಡಿಸ್ಬೇಕು" ಅಂದ. ಈ ದೀಪಾವಳಿಗೆ ಬಂದವಳು ಹೋಂಸ್ಟೇಯ ಹಾಲಿಗೆ ಕಾಲಿಟ್ಟರೆ, ಎದುರು ಗೋಡೆಯ ಮೇಲೆ ದೊಡ್ಡ ಕರಿ ಫ್ರೇಮಿನಲ್ಲಿ ಅಜ್ಜಿ! ಅಣ್ಣ ಮಾತು ಉಳಿಸಿಕೊಂಡ ಅಂತ ಕಣ್ಣು ತುಂಬಿ ಬಂತು. ಹತ್ತಿರ ಹೋದೆ. ಚಿತ್ರದ ಕೆಳಗೆ ಪೆನ್ಸಿಲ್ಲಿನಲ್ಲಿದ್ದ ಹೆಸರು ಮೃಣಾಲ್‌ಳದು.

ಸತೀಶಣ್ಣ ಗೆಸ್ಟ್‌ಗಳನ್ನು ಶೃಂಗೇರಿಗೆ ಕರೆದುಕೊಂಡು ಹೋಗಿದ್ದ. ಅಂಗಳಕ್ಕೆ ಬಂದು, ಎಲ್ಲಿ ಸಿಗ್ನಲ್ ಸಿಗುತ್ತದೋ ಅಲ್ಲಿ ನಿಂತು ಮೃಣಾಲ್‌ಗೆ ಫೋನ್ ಮಾಡಿದೆ. ಅವಳು ಮುಚ್ಚಿಡಲೂ ಇಲ್ಲ.

"ಗೀರುವ ಮುಂಚೆ ಕೆಲವು ತೆಗೆದಿಟ್ಟುಕೊಂಡೆ. ನಿನ್ನ ಕೈಲಿ ಆಗದ ಕೆಲಸ ನಾನು ಮಾಡಲಿಲ್ಲವಾ?"

"ನಿನ್ನ ಹೆಸರು ಯಾಕೆ ಹಾಕಿದೆ?"

"ನಿಮ್ಮಣ್ಣನೇ ಕೇಳಿದ, ನಿಮ್ಮ ಕಾಲೇಜಿನ ಆರ್ಟಿಸ್ಟ್ ಮಾಡಿದ್ದು ಏನಾದರೂ ಬೇಕು ಅಂತ. ಇದರ ಫೋಟೋ ತೋರಿಸಿದೆ, ಬೇಕು ಅಂದ, ಕಳಿಸಿದೆ. ನಿನ್ನನ್ನು ಯಾಕೆ ಕೇಳಲಿಲ್ಲ ಅಂತ ಅವನನ್ನೇ ಕೇಳು."

ಫೋನ್ ಇಟ್ಟೆ. ಜೀಪು ಬರುವ ತನಕ ಮೆಟ್ಟಿಲ ಮೇಲೆ ಕೂತೇ ಇದ್ದೆ.

"ಎಂತ ಮಾರಾಯ್ತಿ, ಬರ್ತೀನಿ ಅಂತ ಒಂದು ಫೋನ್ ಮಾಡ್ಬಾರ್ದಾ?" ಅಂದ ಸತೀಶಣ್ಣ ಜೀಪಿನಿಂದ ಇಳಿಯುತ್ತಾ.

"ನಾನು ಕೊಟ್ಟ ಚಿತ್ರ ಎಲ್ಲಿ?"

"ಅದಾ? ಎನ್.ಆರ್.ಪುರಕ್ಕೆ ಫ್ರೇಮಿಗೆ ಕೊಡಣ ಅಂತ ಇಟ್ಟಿದ್ದೆ. ತೇವಕ್ಕೆ ಬೂಸ್ಟು ಹಿಡೀತು."

"ಗೋಡೆ ಮೇಲಿರೋದೂ ಅದೇ ಚಿತ್ರ. ನಾನು ಕೆತ್ತಿದ್ದು. ನಿಂಗೆ ಗೊತ್ತಾಗ್ಲಿಲ್ವಾ?"

ಅವನು ಚಪ್ಪಲಿ ಬಿಟ್ಟು ಮೆಟ್ಟಿಲ ಬದಿಗಿಟ್ಟ. ಆಮೇಲೆ ದನಿ ತಗ್ಗಿಸಿ ಹೇಳಿದ. "ಗೊತ್ತಾಯ್ತು. ಆದ್ರೆ ನೋಡು, ಬಂದೋರೆಲ್ಲ ಯಾರು ಮಾಡಿದ್ದು ಅಂತ ಕೇಳ್ತಾರೆ. ಪುಣೆ ಆರ್ಟಿಸ್ಟು ಇಲ್ಲಿಗೆ ಬಂದು ಅಜ್ಜೀನ ನೋಡಿ ಮಾಡಿದ್ರು ಅಂದ್ರೆ ನಿಂತು ನೋಡ್ತಾರೆ. ಚಿಕ್ಕಪ್ಪನ ಮಗಳು ಮಾಡಿದ್ದು ಅಂದ್ರೆ, ಹೌದಾ, ಚೆನ್ನಾಗಿದೆ ಅಂದು ಊಟಕ್ಕೆ ಕೂರ್ತಾರೆ. ಹೆಸ್ರು ಯಾರ್ದಾದ್ರೆ ಎಂತ? ಅಜ್ಜಿ ನಮ್ಮೋಳೇ ಅಲ್ವಾ?"

ಮೃಣಾಲ್ ಕದ್ದಳು, ಕದ್ದವಳನ್ನು ಕಳ್ಳಿ ಅನ್ನಬಹುದು. ಇವನನ್ನು ಏನಂತ ಕರೆಯಲಿ? ಚಿಕ್ಕವಳಿದ್ದಾಗ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟವನು ಇವನು. ಬಿಸಿಬಿಸಿ ಕಡುಬು ಬಡಿಸಿದರು, ತಟ್ಟೆ ಸರಿಸಿ ಎದ್ದೆ.

ಅಜ್ಜಿಯ ಕೋಣೆಗೆ ಹೋದೆ. ಜಗಳ ಅವಳ ಕಿವಿಗೆ ಬಿದ್ದಿತ್ತು. "ಹಲಗೆ ಎಂತ ಆಯ್ತು?" ಅಂತ ಕೇಳಿದಳು. ಗೀರು ಹಾಕುವ ಪದ್ಧತಿಯನ್ನೂ, ನನ್ನ ಹೆದರಿಕೆಯನ್ನೂ, ಮೃಣಾಲ್‌ಗೆ ಕೊಟ್ಟದ್ದನ್ನೂ ಹೇಳಿದೆ. ನಿನಗೆ ಏನೂ ಆಗಬಾರದು ಅಂತ ಹಾಗೆ ಮಾಡಿದೆ ಅಜ್ಜಿ, ಅಂದೆ. ಅವಳು ಎಲೆಯ ತೊಟ್ಟು ಮುರಿಯುತ್ತಾ ಕೇಳಿಸಿಕೊಂಡಳು.

"ನೀನು ಗೀರಿದ್ರೆ ನಂಗೆ ಎಂತ ಆಗ್ತಿತ್ತು ಮಗಾ?" ಅಂದಳು. "ನೀನು ಕೆತ್ತಿದ್ ಮುಖ, ನೀನೇ ಅಳಿಸ್ಬೇಕಿತ್ತು. ಕಂಡೋರ ಕೈಗೆ ಯಾಕೆ ಕೊಟ್ಟೆ ನನ್ನ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನು ಕೇಳಿದ ಮೇಲೆ ನಾನು ಅತ್ತೆ. ಎಲ್ಲರೂ ನನಗೆ ಮೋಸ ಮಾಡಿದರು ಅಂತ ಹೇಳಿಕೊಳ್ಳಲು ಬಂದಿದ್ದೆ. ತನ್ನನ್ನೂ ಯಾರೋ ಕೈಬಿಟ್ಟಂತೆ ಅಜ್ಜಿ ಕೂತಿದ್ದಳು.

ಹಬ್ಬ ಮುಗಿಯುವ ಮುಂಚೆಯೇ ಬರೋಡಾಕ್ಕೆ ಹೊರಟುಬಂದೆ. ಮೃಣಾಲ್ ಬೇರೆ ರೂಮಿಗೆ ಹೋಗಿದ್ದಳು. ಓಟ್ಲೋ ಮೇಲೆ ಕೂತಿದ್ದ ಜಶುಬೆನ್, ಮನೆಯವರೆಲ್ಲ ಚೆನ್ನಾಗಿದ್ದಾರಾ ಅಂತ ಕೇಳಿದರು. ಚೆನ್ನಾಗಿದ್ದಾರೆ ಅಂದೆ. ಕೊಪ್ಪದವರ ಕಣ್ಣಿಗೆ ನಾನು ಹೊರಗಿನ ಆರ್ಟಿಸ್ಟ್ ಆಗುವಷ್ಟು ದೂರ ಹೋಗಲಿಲ್ಲ, ಇಲ್ಲಿಯವರಿಗೆ ಯಾವತ್ತೂ ದೂರದವಳೇ.

ಮೊನ್ನೆ ಗೀರು ಬಿದ್ದ ಹಲಗೆಗೆ ಶಾಯಿ ಸವರಿ ಒಂದೇ ಒಂದು ಪ್ರತಿ ತೆಗೆದೆ. ಹಲಗೆ ಸತ್ತಿದೆ ಅನ್ನುವುದಕ್ಕೆ ಹಾಗೊಂದು ಪ್ರತಿ ತೆಗೆಯುವುದೂ ಇಲ್ಲಿ ವಾಡಿಕೆ. ಎರಡು ಬಿಳಿ ಗೆರೆಗಳು ಅಜ್ಜಿಯ ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಸುಣ್ಣದ ಬೆರಳಿಗೆ ಹಾದುಹೋಗಿವೆ. ಕೆಳಗೆ ಪೆನ್ಸಿಲ್ಲಿನಲ್ಲಿ ನನ್ನ ಹೆಸರು ಬರೆದೆ. ಊರಿನ ಗೋಡೆಯ ಮೇಲೆ ಗೀರಿಲ್ಲದ ಅಜ್ಜಿ ಮೃಣಾಲ್ ಹೆಸರಿನಲ್ಲಿದ್ದಾಳೆ. ಇಲ್ಲಿ ನನ್ನ ಗೋಡೆಯ ಮೇಲೆ ನನ್ನ ಹೆಸರಿನಲ್ಲಿರುವುದು ಈ ಗೀರು ಬಿದ್ದವಳು.