ಬರ್ತೀನಿ ಅಂದವರು
ನರಸಿಂಹರಾಜಪುರದ ಬಸ್‌ಸ್ಟ್ಯಾಂಡ್ ಎದುರು ಕಂಪ್ಯೂಟರ್ ಅಂಗಡಿ ಇಟ್ಟಿರುವ ಷಡಕ್ಷರಿ ಕೊಳ್ಳಲು ಬಂದವರಿಗೆ ಮಾರುವುದೇ ಇಲ್ಲ. "ಈಗ ತಗೋಬೇಡಿ ಮಾರಾಯ್ರೆ, ಹೊಸ ಪ್ರೊಸೆಸರ್ ಬರ್ತದೆ" ಎನ್ನುತ್ತಾನೆ. ಅದು ಬರುವ ಹೊತ್ತಿಗೆ ಎದುರಾಳಿ ಕಂಪನಿಯವರು ಇನ್ನೂ ಹೊಸ ಪ್ರೊಸೆಸರಿನ ಸುದ್ದಿ ಬಿಟ್ಟಿರುತ್ತಾರೆ. ಒಬ್ಬರದ್ದು ಮಾಡೆಲ್ ನಂಬರ್ ದೊಡ್ಡದು, ಇನ್ನೊಬ್ಬರದ್ದು ವೇಗ ಹೆಚ್ಚು. ಯಾವುದು ಮೇಲೆಂದು ವಿವರಿಸುತ್ತ ಅವನೇ ನಡುವೆ ದಾರಿ ತಪ್ಪಿ, "ಎಂತದೋ ಒಂದು ಬರ್ತದೆ, ಸ್ವಲ್ಪ ತಡೀರಿ" ಎಂದು ಮುಗಿಸುತ್ತಾನೆ. ಗಿರಾಕಿ "ಆಯ್ತು, ಬರ್ತೀನಿ" ಎಂದು ಏಳುತ್ತಾನೆ. ಹೋದ ತಿಂಗಳು ಎರಡೂ ಕಂಪನಿಯ ಮಾಲು ಒಟ್ಟಿಗೇ ಬಂತು. ನಿನ್ನೆ ಆ ಡಬ್ಬಗಳ ಧೂಳು ಒರೆಸುತ್ತ, ಹರಟೆಗೆಂದು ಹೋಗಿ ಕೂತಿದ್ದ ನನ್ನನ್ನು ಕೇಳಿದ: "ಎಲ್ರೂ ಬರ್ತೀನಿ ಅಂತ್ಲೇ ಹೇಳಿ ಹೋಗಿದ್ದು. ಒಬ್ರೂ ಬರ್ಲಿಲ್ಲವಲ್ಲ, ಎಂತಕ್ಕೆ ಮಾರಾಯ?" ನಾನೂ ಎದ್ದು, "ಬರ್ತೀನಿ ಷಡಕ್ಷರಿ" ಎಂದೆ.