ಕೈವಾರದ ಗೀರು

ಹೋದ ವಾರ ರಕ್ತಪರೀಕ್ಷೆಗೆಂದು ಹೋಗಿದ್ದೆ. ಲ್ಯಾಬಿನ ಹುಡುಗಿ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ನನ್ನ ತೋಳನ್ನು ಒರೆಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮೂರಿನ ಖಾಸಬಾಗದ ಒಂದು ರೇಡಿಯೋ ಅಂಗಡಿಯ ಹಿಂದಿನ ಕೋಣೆ ಕಣ್ಣೆದುರು ಬಂದು ನಿಂತಿತು. "ಅಜ್ಜಾರ, ಮುಷ್ಟಿ ಅಷ್ಟ ಬಿಗಿ ಹಿಡಿಬ್ಯಾಡ್ರಿ, ಸಡ್ಲ ಬಿಡ್ರಿ" ಎಂದು ಆಕೆ ಎರಡು ಸಲ ಹೇಳಬೇಕಾಯಿತು. ನಲವತ್ತು ವರ್ಷಗಳ ಮೇಲಾಯಿತು. ಆ ಅಂಗಡಿಯ ಮನುಷ್ಯನ ನೆನಪಾದರೆ ನನ್ನ ಮುಷ್ಟಿ ಈಗಲೂ ತಾನಾಗಿಯೇ ಬಿಗಿಯುತ್ತದೆ.

ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ಮುಂದೆ ರೇಡಿಯೋ ರಿಪೇರಿಯ ಮೇಜು, ಹಿಂದೆ ಪರದೆ, ಪರದೆಯಾಚೆಗೆ ಗೋಡೆಯುದ್ದಕ್ಕೂ ರೆಕಾರ್ಡುಗಳ ಕಪಾಟು. ಬ್ಯಾಟರಿಗೆ ಹಾಕುವ ನೀರಿಗೆ ನಾಲ್ಕು ಹನಿ ಸ್ಪಿರಿಟ್ ಬೆರೆಸಿ, ಹತ್ತಿಯನ್ನು ಅದ್ದಿ ಹಿಂಡಿ, ಗೆರೆ ಸುತ್ತಿದ ದಿಕ್ಕಿನಲ್ಲೇ ಅವರು ರೆಕಾರ್ಡು ಒರೆಸುತ್ತಿದ್ದರು. ಕೂಸಿನ ಬೆನ್ನು ಒರೆಸುವಂತೆ ಒರೆಸುತ್ತಿದ್ದರು. ಅವರ ಬೆರಳು ಎಂದೂ ರೆಕಾರ್ಡಿನ ಮೈಗೆ ತಾಗುತ್ತಿರಲಿಲ್ಲ, ಅಂಚನ್ನಷ್ಟೇ ಹಿಡಿಯುತ್ತಿದ್ದವು.

ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ, ಮನೆ ಅನಗೋಳದಲ್ಲಿತ್ತು. ಕೆಟ್ಟ ರೇಡಿಯೋ ಹಿಡಿದುಕೊಂಡು ಅವರ ಅಂಗಡಿಗೆ ಹೋದ ದಿನ ಪರದೆಯ ಹಿಂದಿನಿಂದ ತುತ್ತೂರಿಯಂಥದೇನೋ ಕೇಳಿಸಿತು. ತುತ್ತೂರಿಯೆಂದರೆ ಮದುವೆಯ ಮೆರವಣಿಗೆ, ಮಿಲಿಟರಿ ಪರೇಡು, ನನಗೆ ಗೊತ್ತಿದ್ದದ್ದು ಅಷ್ಟೇ. ಇದು ಬೇರೆ. ಯಾರೋ ಒಬ್ಬರೇ ಕೂತು, ಯಾರ ಹಂಗೂ ಇಲ್ಲದೆ ತಮ್ಮ ಪಾಡಿಗೆ ಮಾತಾಡಿಕೊಳ್ಳುತ್ತಿದ್ದಂತಿತ್ತು. ಬಾಯಿ ತೆರೆದು ನಿಂತಿದ್ದೆನೇನೋ, ಕಾಕಾ ನಕ್ಕರು.

"ಇದಕ್ಕ ಜಾಝ್ ಅಂತಾರ್ರೀ ಮಾಸ್ತರ. ನಮ್ಮ ಗವಾಯಿಗೋಳು ಒಂದ ರಾಗ ಹಿಡಕೊಂಡು ಮನಸಿಗೆ ಬಂದಂಗ ಅಡ್ಡಾಡ್ತಾರಲ್ಲ, ಹಂಗಽ ಇದು. ಒಳಗ ಬರ್ರಿ, ಕುಂದರ್ರಿ."

ಒಳಗೆ ಹೋದವನು ನಾಲ್ಕು ವರ್ಷ ಅಲ್ಲೇ ಕೂತೆ. ಪ್ರತಿ ಶನಿವಾರ ಶಾಲೆ ಅರ್ಧ ದಿನಕ್ಕೆ ಬಿಟ್ಟ ಕೂಡಲೇ ಸೈಕಲ್ ನೇರವಾಗಿ ಖಾಸಬಾಗಕ್ಕೆ. ಗೋವೆಯ ಬಂದರಿಗೆ ಬರುವ ಖಲಾಸಿಗಳಿಂದ, ಮಿಲಿಟರಿ ಕ್ಯಾಂಪಿನಲ್ಲಿ ಮನೆ ಖಾಲಿ ಮಾಡುವ ಹಳೆಯ ಅಧಿಕಾರಿಗಳಿಂದ ಅವರು ರೆಕಾರ್ಡು ತರುತ್ತಿದ್ದರು. ಸೋಲ್ ಎಂಬ ಇನ್ನೊಂದು ಬಗೆಯ ಹಾಡನ್ನೂ ಅವರೇ ಕೇಳಿಸಿದರು. "ದೇವರ ಮುಂದ ಹಾಡೂ ದನೀನ್ನ ಮನಷ್ಯಾನ ಮುಂದ ತಂದ ಹಾಡಿದ್ರ ಹಿಂಗಾಕ್ಕೈತಿ ನೋಡ್ರಿ" ಎಂದಿದ್ದರು. ಕಪ್ಪು ಹೆಂಗಸೊಬ್ಬಳು ಎದೆ ಬಿರಿಯುವಂತೆ ಹಾಡುತ್ತಿದ್ದ ಆ ಮಧ್ಯಾಹ್ನ ಆಕೆಯ ಒಂದು ಶಬ್ದವೂ ಅರ್ಥವಾಗದೆ ನಾನು ಕಣ್ಣೊರೆಸಿಕೊಂಡಿದ್ದೆ. ನನ್ನ ಕಿವಿ ತೆರೆಸಿದವರು ಅವರು. ಅದನ್ನು ಇಲ್ಲವೆನ್ನಲಾರೆ. ಇಲ್ಲವೆನ್ನುವಂತಿದ್ದರೆ ಮುಂದಿನದನ್ನು ಹೇಳುವುದು ಎಷ್ಟೋ ಸುಲಭವಾಗುತ್ತಿತ್ತು...

ಖಾನಾಪುರದಲ್ಲಿ ಎಲ್ಲರೂ ಬಾಯಿ ಎಂದು ಕರೆಯುತ್ತಿದ್ದ ಹೆಂಗಸಿನ ಪರಿಚಯವಾದದ್ದು ನನಗೆ, ಕಾಕಾನಿಗಲ್ಲ. ಯಾವುದೋ ಪರೀಕ್ಷೆಯ ಕೆಲಸಕ್ಕೆಂದು ಅಲ್ಲಿಗೆ ಹೋದವನು, ಸ್ಟೇಷನ್ನಿನತ್ತ ನಡೆದು ಬರುವಾಗ ಒಂದು ಹಂಚಿನ ಮನೆಯಿಂದ ಸ್ಯಾಕ್ಸೋಫೋನ್ ಕೇಳಿಸಿ ನಿಂತುಬಿಟ್ಟೆ. ಕಿಟಕಿಯಲ್ಲಿ ನರೆಗೂದಲಿನ ಹೆಂಗಸೊಬ್ಬರು ಕಾಣಿಸಿಕೊಂಡರು. "ಕೇಳಾಕ ನಿಂತಿದ್ರ ಒಳಗ ಬರ್ರಿ. ಬಿಸಲಾಗ ಯಾಕ?" ಎಂದರು.

ಗೋವೆಯ ಕಡೆಯವರು. ಗಂಡ ಮುಂಬೈಯ ಹೋಟೆಲೊಂದರ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತಿದ್ದರಂತೆ. ಎದೆನೋವು ಶುರುವಾದ ಮೇಲೆ ಇಲ್ಲಿ ಬಂದು ನೆಲೆಸಿ, ಇಲ್ಲೇ ತೀರಿಕೊಂಡಿದ್ದರು. ಕಟ್ಟಿಗೆಯ ಪೆಟ್ಟಿಗೆಯಲ್ಲಿ ಅರವತ್ತರಷ್ಟು ರೆಕಾರ್ಡುಗಳಿದ್ದವು. ಅವುಗಳಲ್ಲಿ ಒಂದಕ್ಕೆ ಮಾತ್ರ ಕವರು ಇರಲಿಲ್ಲ, ನಡುವೆ ಅಂಟಿಸಿದ ದುಂಡು ಕಾಗದದ ಮೇಲೆ ಅಚ್ಚು ಇರಲಿಲ್ಲ. ಬಾಯಿ ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದರು. "ಇದು ನಮ್ಮವ್ರದು. ಮುಂಬೈದಾಗ ಒಂದಽ ಒಂದು ಮಾಡ್ಸಿದ್ರು. ಎರಡನೇದು ಇಲ್ಲ" ಎಂದರು. ವರ್ಷಕ್ಕೊಮ್ಮೆ, ಗಂಡ ತೀರಿಕೊಂಡ ದಿನ ಮಾತ್ರ ಅದನ್ನು ಹಾಕುತ್ತಿದ್ದರು. ಎರಡು ವರ್ಷ ಆ ದಿನ ನನ್ನನ್ನೂ ಕರೆದರು. ಏಳೆಂಟು ನಿಮಿಷದ ವಾದನ. ಬ್ಯಾಂಡು ಹಿಂದೆ ಸರಿದು ಸ್ಯಾಕ್ಸೋಫೋನ್ ಒಂದೇ ಉಳಿಯುವ ಜಾಗ ಬಂದಾಗ ಬಾಯಿ ತಲೆ ತಗ್ಗಿಸಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

ಇದನ್ನೆಲ್ಲ ಕಾಕಾನ ಮುಂದೆ ಹೇಳಿಕೊಂಡವನು ನಾನೇ. ಅವರಿಗೆ ಗೊತ್ತಿಲ್ಲದ್ದೊಂದು ನನಗೆ ಗೊತ್ತಿದೆ ಎಂಬ ಜಂಬ. ಮುಂದಿನ ರವಿವಾರ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಅವರನ್ನು ಖಾನಾಪುರಕ್ಕೆ ಕರೆದೊಯ್ದವನೂ ನಾನೇ. ಕಾಕಾ ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ಅವರ ಮುಖ ಆಗ ಹೇಗಿತ್ತೆಂದು ನಾನು ಗಮನಿಸಬೇಕಿತ್ತು.

"ಬಾಯಿ, ಇವಕ್ಕೆಲ್ಲಾ ಬೂಸರ ಹತ್ತೇತಿ. ಈ ಮಳಿಗಾಲ ದಾಟೂದಿಲ್ಲ ಇವು. ನಾ ಒಯ್ದು ಸ್ವಚ್ಛ ಮಾಡಿ ತಂದು ಕೊಡ್ತೇನಿ" ಎಂದರು.

ಬಾಯಿ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಕೊಡ್ಲೇನ್ರಿ ಮಾಸ್ತರ?"

"ಕೊಡ್ರಿ ಬಾಯಿ. ನಮ್ಮ ಕಾಕಾ ಅದಾರ" ಎಂದೆ.

ಪೆಟ್ಟಿಗೆಯನ್ನು ಸ್ಟೇಷನ್ನಿಗೆ ಹೊತ್ತು ತಂದು ಗಾಡಿಗೆ ಏರಿಸಿದವನೂ ನಾನೇ.

ಮಳೆಗಾಲ ಮುಗಿಯಿತು. ಕೇಳಿದಾಗೊಮ್ಮೆ ಕಾಕಾ "ಇನ್ನೂ ಸ್ವಲ್ಪ ಅದಾವ್ರಿ" ಎನ್ನುತ್ತಿದ್ದರು. ದೀಪಾವಳಿ ಕಳೆದ ಮೇಲೆ ಒಂದು ದಿನ ತಲೆ ಎತ್ತದೆ, ಕೈಯಲ್ಲಿದ್ದ ರೇಡಿಯೋಕ್ಕೆ ಬೆಸುಗೆ ಹಾಕುತ್ತ ಹೇಳಿದರು: "ಎಲ್ಲಾ ಹಾಳಾಗಿದ್ವು ಮಾಸ್ತರ. ಒಂದೂ ಉಳೀಲಿಲ್ಲ. ಒಗದ್ನಿ."

ನಂಬಿದೆ. ಬಾಯಿಗೆ ಹೇಳಲು ಖಾನಾಪುರಕ್ಕೆ ಹೋದೆ. ಬಾಯಿ ಅಳಲಿಲ್ಲ, ಕೂಗಾಡಲೂ ಇಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು, "ಅವರಿಗೆ ನಾ ಕೊಟ್ಟಿರಲಿಲ್ಲ. ನಿಮಗ ಕೊಟ್ಟಿದ್ದೆ" ಎಂದರು. ಕದ ಮುಚ್ಚಿಕೊಂಡಿತು.

ಅದಾಗಿ ಎರಡು ತಿಂಗಳಿಗೆ, ಒಂದು ಶನಿವಾರ ಕಾಕಾ ಗಿರಾಕಿಯೊಂದಿಗೆ ಮುಂದೆ ಮಾತಾಡುತ್ತಿದ್ದಾಗ ನಾನು ಕಪಾಟಿನ ಕೆಳಸಾಲಿನಿಂದ ಏನೋ ತೆಗೆಯಲು ಹೋದೆ. ಹಿಂದಿನ ಸಾಲಿನಲ್ಲಿ ಒಂದು ಕವರಿನ ಮೇಲೆ ಚಹದ ಕಪ್ಪಿನ ದುಂಡನೆ ಕಲೆ ಕಂಡಿತು. ಆ ಕಲೆ ಮಾಡಿದವನು ನಾನು, ಬಾಯಿಯ ಮನೆಯಲ್ಲಿ. ಕೈ ಹಾಕಿದರೆ ಅದರ ಬಾಜುವಿನದೂ ಬಾಯಿಯದು, ಅದರ ಬಾಜುವಿನದೂ... ಒಂದಕ್ಕೂ ಕಾಕಾ ಹೇಳಿದ್ದ ಬೂಷ್ಟು ಇರಲಿಲ್ಲ. ಎಲ್ಲ ಒರೆಸಿ ಫಳಫಳ ಹೊಳೆಯುತ್ತಿದ್ದವು. ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದು ಮಾತ್ರ ಎಲ್ಲೂ ಇರಲಿಲ್ಲ. ಗೋವೆಯ ಯಾರಿಗೋ ಕೊಟ್ಟುಬಿಟ್ಟಿದ್ದಾರೆ ಎಂದುಕೊಂಡೆ.

ಅಲ್ಲೇ ಪರದೆ ಸರಿಸಿ ಅವರ ಕೊರಳಪಟ್ಟಿ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಕೊಟ್ಟಿದ್ದಕ್ಕೆ ಸಾಕ್ಷಿ ನಾನೊಬ್ಬನೇ. ಊರಿಗೆ ಬೇಕಾದ ಮನುಷ್ಯ ಅವರು, ನಕ್ಕು ತಳ್ಳಿಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರಿಗೆ ಎಲ್ಲಿ ತಾಗಿದರೆ ನೋಯುತ್ತದೆಂದು ನಾಲ್ಕು ವರ್ಷ ಪಕ್ಕದಲ್ಲೇ ಕೂತ ನನಗೆ ಚೆನ್ನಾಗಿ ಗೊತ್ತಿತ್ತು.

ಗಣಿತದ ಮಾಸ್ತರನ ಜೇಬಿನಲ್ಲಿ ಕೈವಾರ ಇದ್ದೇ ಇರುತ್ತದೆ. ಮುಂದಿನ ಶನಿವಾರ ಕಾಕಾ ಚಹ ಹೇಳಲು ಹೊರಗೆ ಹೋದಾಗ, ಅವರದೇ ಒಂದು ರೆಕಾರ್ಡನ್ನು ಕವರಿನಿಂದ ಅರ್ಧ ಹೊರಗೆಳೆದು, ಕೈವಾರದ ಮುಳ್ಳಿನಿಂದ ಅಡ್ಡಕ್ಕೆ ಒಂದು ಗೀರು ಎಳೆದೆ. ಸಣ್ಣ ಸದ್ದು, ಅಷ್ಟೇ. ಮತ್ತೆ ಒಳಗೆ ತಳ್ಳಿ ಕೂತೆ. ಚಹ ಬಂತು. ಆ ಚಹದಷ್ಟು ರುಚಿಯಾದದ್ದನ್ನು ನಾನು ಅದಕ್ಕೆ ಮೊದಲು ಕುಡಿದಿರಲಿಲ್ಲ. ಇದನ್ನು ಬರೆಯಲು ಇವತ್ತಿಗೂ ನನಗೆ ನಾಚಿಕೆಯಿಲ್ಲ.

ವಾರಕ್ಕೊಂದು. ಎಂದೂ ಎರಡಲ್ಲ. ಬಾಯಿಯವನ್ನು ಮುಟ್ಟುತ್ತಿರಲಿಲ್ಲ, ಕಾಕಾನಿಗೆ ಜೀವವಾಗಿದ್ದವನ್ನೇ ಹುಡುಕಿ ಹುಡುಕಿ ಗೀರುತ್ತಿದ್ದೆ. ಆಮೇಲೆ ಎಂದೋ ಒಂದು ದಿನ ಅವರು ಅದನ್ನು ಪ್ಲೇಯರಿಗೆ ಹಾಕುತ್ತಿದ್ದರು. ಹಾಡು ಏರುತ್ತ ಹೋಗಿ ಟಕ್, ಟಕ್, ಟಕ್ ಎಂದಾಗ ಅವರ ಮುಖ ಕುಗ್ಗುವುದನ್ನು ಎದುರು ಕೂತು ನೋಡುತ್ತಿದ್ದೆ. ಮೊದಲು ಸೂಜಿ ಬದಲಿಸಿದರು. ಪ್ಲೇಯರಿನ ತೋಳು ಬಿಚ್ಚಿ ಮತ್ತೆ ಜೋಡಿಸಿದರು. ಇಲಿಯಿರಬಹುದೆಂದು ಕಪಾಟು ತೊಳೆದರು. ನನ್ನ ಮೇಲೆ ಅವರಿಗೆ ಒಮ್ಮೆಯೂ ಅನುಮಾನ ಬರಲಿಲ್ಲ. ಕೊನೆಗೆ ಒಂದು ದಿನ ತಮ್ಮ ಬಲಗೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡರು.

"ನಾನಽ ಗೀರಾಕತ್ತೇನಿ ಮಾಸ್ತರ. ಒರಸೂವಾಗ ಕೈ ನಡಗತೈತಿ ಕಾಣ್ತದ. ನಿಮಗೇನರ ಕಂಡೈತೇನ್ರಿ?"

ನಡುಕ ನನಗೆ ಕಂಡಿರಲಿಲ್ಲ. "ಹೌದ್ರಿ ಕಾಕಾ, ಸ್ವಲ್ಪ ನಡಗತೈತಿ. ವಯಸ್ಸಾತಲ್ರಿ" ಎಂದೆ.

ನಾಲ್ಕಾರು ತಿಂಗಳಲ್ಲಿ ಅವರ ಕೈ ನಿಜವಾಗಿಯೂ ನಡುಗತೊಡಗಿತು. ರೋಗ ಮೊದಲೇ ಒಳಗಿತ್ತೋ, ನನ್ನ ಮಾತಿನಿಂದ ಬಂತೋ... ಡಾಕ್ಟರರು ನರದ ಕಾಯಿಲೆ ಎಂದರಂತೆ. ರೆಕಾರ್ಡು ಮುಟ್ಟುವುದನ್ನೇ ಬಿಟ್ಟರು. ಆಮೇಲೆ ಬೆಸುಗೆ ಹಾಕಲೂ ಆಗದೆ ಅಂಗಡಿ ಮುಚ್ಚಿದರು. ಅದಕ್ಕೆ ಮುಂಚಿನ ಶನಿವಾರ ನಾನು ಕೊನೆಯದನ್ನು ಗೀರಿದ್ದೆ. ನೀಲಿ ಕವರಿನದು, ಯಾರಿಗೂ ಮುಟ್ಟಗೊಡದೆ ಕಪಾಟಿನ ಮೇಲಿನ ಸಾಲಿನ ಮೂಲೆಯಲ್ಲಿ ಅವರು ಇಟ್ಟುಕೊಂಡದ್ದು. ಅವಸರದಲ್ಲಿ ನಾಲ್ಕು ಬೆರಳಷ್ಟೇ ಹೊರಗೆಳೆದು, ಅದಕ್ಕೆ ಒಂದಲ್ಲ, ಮೂರು ಗೀರು, ಮುಳ್ಳು ಒತ್ತಿ ಹಿಡಿದು.

ಮಾರನೆಯ ವರ್ಷ ಕಾಕಾ ಹೇಳಿಕಳಿಸಿದರು. ಮಧ್ಯಾಹ್ನ ಅವರ ಮನೆಗೆ ಹೋದೆ. ಹಾಸಿಗೆಯಲ್ಲಿ ಒರಗಿ ಕೂತಿದ್ದರು, ಎರಡೂ ಕೈ ಮಡಿಲಲ್ಲಿ ನಡುಗುತ್ತಿದ್ದವು. ಮಂಚದ ಪಕ್ಕದಲ್ಲಿ ಖಾನಾಪುರದ ಕಟ್ಟಿಗೆಯ ಪೆಟ್ಟಿಗೆ ಇತ್ತು.

"ಒಗದಿರಲಿಲ್ಲ ಮಾಸ್ತರ. ಸುಳ್ಳ ಹೇಳಿದ್ದೆ. ಆಕಿ ಪೆಟಿಗ್ಯಾಗ ಹಾಕಿ ಮುಚ್ಚಿ ಇಟ್ಟಿದ್ಲು, ಇಲ್ಲೆ ಇದ್ರ ದಿನಾ ಯಾರರ ಕೇಳ್ತಾರ ಅಂತ ನನಗ ನಾನಽ ಸಮಾಧಾನ ಹೇಳಿಕೊಂಡೆ. ಕಳವು ಕಳವಽ. ಒಯ್ದ ಕೊಡ್ರಿ ಆಕಿಗೆ."

ನಾನು ಪೆಟ್ಟಿಗೆಯ ಮುಚ್ಚಳ ತೆಗೆದೆ. ಅವರು ಮೇಲಿದ್ದ ಒಂದನ್ನು ತೋರಿಸಿದರು. ನೀಲಿ ಕವರು.

"ಅದರಾಗ ಇಟ್ಟೇನಿ ಆಕಿ ಗಂಡನ ರೆಕಾರ್ಡು. ಯಾರ ಕಣ್ಣಿಗೂ ಬೀಳಬಾರ್ದಂತ ಕವರ ಬದಲ ಮಾಡಿದ್ದೆ. ಹಿಂದ ಎಂದರ ಒರಸೂವಾಗ ಅದರ ಮ್ಯಾಲೂ ನನ್ನ ಕೈ ಹರದೈತಿ, ಮಾಸ್ತರ... ಮೂರು ಗೀರು. ಬೇಕಂತ ಮಾಡಿಲ್ಲಂತ ಆಕಿಗೆ ಹೇಳ್ರಿ."

ಆ ಕ್ಷಣ ಏನನ್ನಿಸಿತೆಂದು ಬರೆಯಲು ಎಷ್ಟೋ ಸಲ ಕೂತಿದ್ದೇನೆ. ಆಗಿಲ್ಲ. ಪೆಟ್ಟಿಗೆ ಹೊತ್ತುಕೊಂಡು ಎದ್ದು ಬಂದೆ. ನಾನು ಗೀರಿದ್ದೆಂದು ಹೇಳಲಿಲ್ಲ.

ಮರುದಿನವೇ ಖಾನಾಪುರಕ್ಕೆ ಹೋದೆ. ಬಾಯಿ ಬಹಳ ಇಳಿದುಹೋಗಿದ್ದರು. ಪೆಟ್ಟಿಗೆ ನೋಡಿ ಬಾಗಿಲಿನಿಂದ ಸರಿದು ಜಾಗ ಬಿಟ್ಟರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ನನ್ನ ಕೈವಾರವೊಂದನ್ನು ಬಿಟ್ಟು. ಅವರು ಗಂಡನ ರೆಕಾರ್ಡನ್ನು ನೀಲಿ ಕವರಿನಿಂದ ತೆಗೆದು ಸೆರಗಿನಿಂದ ಒರೆಸಿ ಪ್ಲೇಯರಿಗೆ ಹಾಕಿದರು. ಬ್ಯಾಂಡು ಶುರುವಾಯಿತು, ಟಕ್ ಟಕ್ ಎನ್ನುತ್ತಲೇ ಸಾಗಿತು. ಬ್ಯಾಂಡು ಹಿಂದೆ ಸರಿಯಿತು. ಸ್ಯಾಕ್ಸೋಫೋನ್ ಒಂದೇ ಉಳಿದು ಉಸಿರೆಳೆದುಕೊಂಡು ಮೇಲಕ್ಕೆ ಹೊರಟಿತು... ಅಲ್ಲಿಗೆ ಸೂಜಿ ಸಿಕ್ಕಿಕೊಂಡಿತು. ಅದೇ ಅರ್ಧ ಉಸಿರು, ಮತ್ತೆ ಅದೇ ಅರ್ಧ ಉಸಿರು. ಬಾಯಿ ಬೆರಳಿನಿಂದ ಸೂಜಿಯನ್ನು ಎತ್ತಿ ಮುಂದಕ್ಕೆ ಇಟ್ಟರು. ಅಷ್ಟರಲ್ಲಿ ಆ ಜಾಗ ದಾಟಿಹೋಗಿತ್ತು.

"ಇರ್ಲಿ ಬಿಡ್ರಿ, ಹಳೇದು" ಎಂದರು. ಬಳಿಕ, "ಅವರಿಗೆ ಹೇಳ್ರಿ, ನಾ ಏನೂ ಮನಸಿನ್ಯಾಗ ಇಟ್ಕೊಂಡಿಲ್ಲಂತ. ಬ್ಯಾನ್ಯಾಗ ಇರೂ ಮನಷ್ಯಾ. ಖರೇನ ಹೇಳ್ರಿ, ಮರೀಬ್ಯಾಡ್ರಿ."

ಮರೆಯಲಿಲ್ಲ. ಊರಿಗೆ ಬಂದವನು ಮೊದಲು ಕಾಕಾನ ಮನೆಗೇ ಹೋದೆ. ಅವರು ನನ್ನ ದಾರಿಯನ್ನೇ ಕಾಯುತ್ತಿದ್ದರು.

"ಬಾಯಿ ಏನಂದ್ರು ಮಾಸ್ತರ?"

"ಏನೂ ಅನ್ನಲಿಲ್ರಿ ಕಾಕಾ" ಎಂದೆ.

ಕಾಕಾ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಆ ಮಳೆಗಾಲದಲ್ಲೇ ತೀರಿಕೊಂಡರು. ಬಾಯಿಯೂ ಬಹಳ ವರ್ಷ ಉಳಿಯಲಿಲ್ಲ. ಗೋವೆಯಿಂದ ಬಂದ ನೆಂಟರು ಮನೆ ಖಾಲಿ ಮಾಡಿದರೆಂದು ಕೇಳಿದೆ. ಪೆಟ್ಟಿಗೆ ಎಲ್ಲಿ ಹೋಯಿತೋ.

ಈಗ ನಾನು ಕಾಕಾನಿಗಿಂತ ದೊಡ್ಡ ವಯಸ್ಸಿನವನು. ಅವರ ಮೇಲಿನ ಸಿಟ್ಟು ಹೋಗಿಲ್ಲ, ಹೋಗಬೇಕೆಂದು ನಾನು ಬಯಸಿದ್ದೂ ಇಲ್ಲ. ಬಾಯಿಯ ಮಾತನ್ನು ಅವರಿಗೆ ತಲುಪಿಸಿದ್ದರೆ ಅವರು ಹಗುರಾಗುತ್ತಿದ್ದರು, ಆ ಮೂರು ಗೀರುಗಳ ಭಾರ ನನ್ನೊಬ್ಬನ ಪಾಲಿಗೆ ಬರುತ್ತಿತ್ತು. ಅದಕ್ಕೇ ತಲುಪಿಸಲಿಲ್ಲ. ಆದರೂ ಅದು ಬಂದದ್ದು ನನ್ನ ಪಾಲಿಗೇ. ಆ ವಾದನವನ್ನು ಪೂರ್ತಿ ಕೇಳಿದ್ದವರಲ್ಲಿ ಉಳಿದಿರುವವನು ಬಹುಶಃ ನಾನೊಬ್ಬನೇ. ಕೆಲವು ಮಧ್ಯಾಹ್ನ ಕಣ್ಣು ಮುಚ್ಚಿ ಕೂತು ನೆನಪಿಸಿಕೊಳ್ಳಲು ನೋಡುತ್ತೇನೆ. ಬ್ಯಾಂಡು ಹಿಂದೆ ಸರಿಯುತ್ತದೆ, ಬಾಯಿಯ ಗಂಡ ಉಸಿರೆಳೆದುಕೊಳ್ಳುತ್ತಾರೆ, ಮೇಲಕ್ಕೆ ಹೊರಡುತ್ತಾರೆ... ಅಲ್ಲಿಂದ ಮುಂದೆ ಏನು ನುಡಿಸಿದ್ದರೋ, ನನಗೆ ನೆನಪಿಲ್ಲ.